ಫಿಲಿಪೈನ್ಸ್‌ನ ಬಲಾಂಗಿಗಾ ಎಲ್ಲಿದೆ? ಅಲ್ಲಿನ ಚರ್ಚಿನ ಗಂಟೆಗಳಿಗಾಗಿ ಎರಡು ದೇಶಗಳು ಯಾಕೆ ಅಷ್ಟು ಜಗ್ಗಾಡಿದವು?

ಹಡಗಿನ ಕೆಲಸದಲ್ಲಿ ನನ್ನ ಜೊತೆಗಿದ್ದವರಲ್ಲಿ ಫಿಲಿಪಿನೋಗಳೇ ಹೆಚ್ಚು. ಸಾಮಾರ್ ದ್ವೀಪದ ಗೆಳೆಯರೊಬ್ಬರು ರಜೆಯಲ್ಲಿ ಊರಿಗೆ ಕರೆದುಕೊಂಡು ಹೋಗಿದ್ದರು, ಹಾಗಾಗಿ ಬಲಾಂಗಿಗಾ ನೋಡಿದ್ದೇನೆ. ಗಂಟೆಗಳ ಕಥೆಯನ್ನಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಊರು ಎಲ್ಲಿ ಕೂತಿದೆ ಎನ್ನುವುದು ಮೊದಲು ಗೊತ್ತಾಗಬೇಕು.

ಲುಜಾನ್, ಮಿಂಡನಾವೊ ಬಿಟ್ಟರೆ ಫಿಲಿಪೈನ್ಸ್‌ನ ಮೂರನೇ ದೊಡ್ಡ ದ್ವೀಪ ಸಾಮಾರ್. ಅದರ ಪೂರ್ವ ಭಾಗವನ್ನು 1965ರಲ್ಲಿ ಈಸ್ಟರ್ನ್ ಸಾಮಾರ್ ಎಂಬ ಪ್ರತ್ಯೇಕ ಪ್ರಾಂತ್ಯ ಮಾಡಿದರು. ಬಲಾಂಗಿಗಾ ಇರುವುದು ಈ ಪ್ರಾಂತ್ಯದ ದಕ್ಷಿಣ ಕರಾವಳಿಯಲ್ಲಿ, ಲೆಯ್ಟೆ ಕೊಲ್ಲಿಗೆ ಮುಖ ಮಾಡಿಕೊಂಡು. ಅಲ್ಲಿ ಮುನ್ಸಿಪಾಲಿಟಿ ಎಂದರೆ ಪಟ್ಟಣವಲ್ಲ, ಹೆಚ್ಚುಕಡಿಮೆ ನಮ್ಮ ಹೋಬಳಿ ಇದ್ದ ಹಾಗೆ: ನಡುವೆ ಚರ್ಚು, ಸಂತೆ, ಕಚೇರಿ ಇರುವ ಕೇಂದ್ರ, ಸುತ್ತ ಬರಂಗಾಯ್ ಎನ್ನುವ ಹಳ್ಳಿಗಳು. ಇಲ್ಲಿ ಅಂಥವು 13, ಜನಸಂಖ್ಯೆ ಸುಮಾರು 14 ಸಾವಿರ. ಮಾತು ವಾರಾಯ್ ಭಾಷೆ. ತೆಂಗು, ಮೀನು, ಒಂದಿಷ್ಟು ಭತ್ತ, ಇಷ್ಟರ ಮೇಲೇ ಬದುಕು. ಸೇಂದಿಯನ್ನು ಟುಬಾ ಎನ್ನುತ್ತಾರೆ. ಮರದ ತೊಗಟೆಯ ಪುಡಿ ಹಾಕುವುದರಿಂದ ಅದು ಇಟ್ಟಿಗೆಗೆಂಪು ಬಣ್ಣದ್ದು, ನಾಲಿಗೆಗೆ ಸ್ವಲ್ಪ ಒಗರು.

ಮುಂದೆ ಸಮುದ್ರ, ಒಂದು ಪಕ್ಕದಲ್ಲಿ ಹೊಳೆ, ಬೆನ್ನಿಗೆ ದಟ್ಟ ಕಾಡಿನ ಗುಡ್ಡಗಳು. 1901ರಲ್ಲಿ ಊರಿಗೆ ಬರುವುದಿದ್ದರೆ ದೋಣಿಯೇ ಗತಿ. ಆ ಗುಡ್ಡಗಳಲ್ಲಿ, ಅಮೆರಿಕದ ವಿರುದ್ಧ ಹೋರಾಡುತ್ತಿದ್ದ ಫಿಲಿಪಿನೋ ಜನರಲ್ ವಿಸೆಂಟೆ ಲುಕ್ಬಾನ್ ಅವರ ಗೆರಿಲ್ಲಾ ಪಡೆ ಇತ್ತು. ಸ್ಪೇನಿನಿಂದ ಫಿಲಿಪೈನ್ಸನ್ನು ಪಡೆದುಕೊಂಡಿದ್ದ ಅಮೆರಿಕ, ಆ ಪಡೆಗೆ ಸಮುದ್ರದ ಕಡೆಯಿಂದ ಅಕ್ಕಿ, ಸಾಮಾನು ಹೋಗದಂತೆ ತಡೆಯಲು ಆಗಸ್ಟ್‌ನಲ್ಲಿ 9ನೇ ಇನ್‌ಫೆಂಟ್ರಿ ಎಂಬ ಕಾಲಾಳು ದಳದ ಒಂದು ಕಂಪನಿಯನ್ನು ಇಲ್ಲಿ ಇಳಿಸಿತು. ಒಟ್ಟು 74 ಜನ, ನಾಯಕ ಕ್ಯಾಪ್ಟನ್ ಥಾಮಸ್ ಕಾನೆಲ್.

ಎಲ್ಲರೂ ಸೆಪ್ಟೆಂಬರ್ 28ರ ದಾಳಿಯಿಂದಲೇ ಕಥೆ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದಕ್ಕೆ ಹಿಂದಿನ ಆರೇಳು ವಾರಗಳನ್ನು ನೋಡಬೇಕು. ಮೊದಮೊದಲು ಸೈನಿಕರಿಗೂ ಊರವರಿಗೂ ಚೆನ್ನಾಗಿಯೇ ಇತ್ತು, ಕೂತು ಟುಬಾ ಕುಡಿಯುವಷ್ಟು. ಮೇಲಧಿಕಾರಿಗಳು ತಪಾಸಣೆಗೆ ಬರುತ್ತಾರೆ ಎಂದು ಕಾನೆಲ್ ಊರು ಸ್ವಚ್ಛ ಮಾಡಿಸಲು ಹೊರಟ. ಪೊದೆ ಎಂದು ಕಡಿಸಿದ್ದರಲ್ಲಿ ಜನ ತಿನ್ನುವ ಬೆಳೆಯೂ ಇತ್ತು. ಅತ್ತ, ಆಹಾರ ಕಾಪಾಡಿಕೊಳ್ಳಬೇಕೆಂಬ ತನ್ನ ಆದೇಶ ಮುರಿದರೆಂದು ಲುಕ್ಬಾನ್ ಕಡೆಯವರು ಊರವರ ಮೇಲೆ ಕೆಂಡ ಕಾರಿದರು. ಇತ್ತ, ಕೆಲಸ ಬೇಗ ಮುಗಿಯಲಿ ಎಂದು ಕಾನೆಲ್ ಸುಮಾರು 80 ಗಂಡಸರನ್ನು ಹಿಡಿಸಿ ಎರಡು ಗುಡಾರಗಳಲ್ಲಿ ತುಂಬಿಸಿ, ರಾತ್ರಿಯೆಲ್ಲ ಊಟವಿಲ್ಲದೆ ಕೂಡಿಹಾಕಿದ. ಒಂದೊಂದು ಗುಡಾರ ಹದಿನಾರು ಜನಕ್ಕೆ ಸಾಕಾಗುವಂಥದ್ದು. ಮನೆಗಳಲ್ಲಿದ್ದ ಕತ್ತಿಗಳನ್ನೂ ಅಕ್ಕಿಯನ್ನೂ ವಶಪಡಿಸಿಕೊಂಡ. ರೈತನ ಮನೆಯ ಕತ್ತಿ ಮತ್ತು ಅಕ್ಕಿ ಎರಡನ್ನೂ ಕಿತ್ತುಕೊಂಡ ಮೇಲೆ ಇನ್ನೇನು ಉಳಿಯಿತು?

28ರ ಬೆಳಿಗ್ಗೆ ಸೈನಿಕರು ತಿಂಡಿಗೆ ಕೂತಿದ್ದಾಗ, ಊರಿನ ಪೊಲೀಸ್ ಮುಖ್ಯಸ್ಥ ವಾಲೆರಿಯಾನೊ ಅಬನದೋರ್ ಕಾವಲುಗಾರನೊಬ್ಬನ ಬಂದೂಕು ಕಸಿದು ಅದರಿಂದಲೇ ಅವನನ್ನು ಹೊಡೆದುರುಳಿಸಿದ. ಚರ್ಚಿನ ಗಂಟೆ ಮೊಳಗಿತು. ನೂರಾರು ಜನ ಬೋಲೊ ಕತ್ತಿ ಹಿಡಿದು ನುಗ್ಗಿದರು. ಕಾನೆಲ್ ಸೇರಿ 48 ಅಮೆರಿಕನ್ನರು ಸತ್ತರು, ಉಳಿದವರು ದೋಣಿ ಹತ್ತಿ ಬಾಸೆಯ್ ಕಡೆಗೆ ತಪ್ಪಿಸಿಕೊಂಡರು. ಮರುದಿನವೇ ಸೇನೆ ವಾಪಸ್ಸು ಬಂದು ಊರನ್ನು ಸುಟ್ಟುಹಾಕಿತು.

ಆಮೇಲಿನದು ಇನ್ನೂ ಘೋರ. ಜನರಲ್ ಜೇಕಬ್ ಸ್ಮಿತ್, ಶಸ್ತ್ರ ಹಿಡಿಯಬಲ್ಲ ಹತ್ತು ವರ್ಷ ದಾಟಿದವರನ್ನೆಲ್ಲ ಕೊಲ್ಲಿ ಎಂದು ಆಜ್ಞೆ ಕೊಟ್ಟ. ಸಾಮಾರ್‌ನಲ್ಲಿ ಸತ್ತವರ ಅಂದಾಜು ಒಬ್ಬೊಬ್ಬ ಇತಿಹಾಸಕಾರರದು ಒಂದೊಂದು: ಸುಮಾರು ಎರಡು ಸಾವಿರದಿಂದ ಐವತ್ತು ಸಾವಿರದವರೆಗೆ. ಅಮೆರಿಕನ್ನರ ಸಾವು 48 ಎಂದು ಖಚಿತವಾಗಿ ಸಿಗುತ್ತದೆ, ಈ ಕಡೆಯದನ್ನು ಎಣಿಸಿಟ್ಟವರೇ ಇಲ್ಲ. 1902ರಲ್ಲಿ ಸ್ಮಿತ್‌ನ ಮೇಲೆ ಕೋರ್ಟ್ ಮಾರ್ಷಲ್ ನಡೆಯಿತು. ಶಿಕ್ಷೆ? ಒಂದು ಛೀಮಾರಿ, ಆಮೇಲೆ ನಿವೃತ್ತಿ.

ಸೇನೆ ಊರಿನ ಮೂರು ಗಂಟೆಗಳನ್ನೂ ಹೊತ್ತೊಯ್ದಿತ್ತು. ದೊಡ್ಡವೆರಡು ಸಮುದ್ರವೇ ಇಲ್ಲದ ವ್ಯೋಮಿಂಗ್ ರಾಜ್ಯದ ಸೇನಾನೆಲೆಗೆ ಹೋದವು, ಚಿಕ್ಕದು 9ನೇ ಇನ್‌ಫೆಂಟ್ರಿಯ ಜೊತೆ ಸುತ್ತಾಡಿ ದಕ್ಷಿಣ ಕೊರಿಯಾ ಸೇರಿತು. ಫಿಲಿಪೈನ್ಸ್ ದಶಕಗಟ್ಟಲೆ ಕೇಳುತ್ತಲೇ ಬಂತು. ಸತ್ತ ನಮ್ಮ ಸೈನಿಕರ ಸ್ಮಾರಕ ಅದು, ಕೊಡಬಾರದು ಎಂದು ಅಮೆರಿಕದ ಕೆಲವು ಮಾಜಿ ಸೈನಿಕರು, ವ್ಯೋಮಿಂಗ್‌ನ ರಾಜಕಾರಣಿಗಳು ಅಡ್ಡ ನಿಂತರು. ಕೊನೆಗೆ 2018ರ ಡಿಸೆಂಬರ್ 11ರಂದು ಗಂಟೆಗಳು ಮನಿಲಾಕ್ಕೆ ಬಂದವು, 15ರಂದು ಬಲಾಂಗಿಗಾದ ಚರ್ಚಿಗೆ. ಅಷ್ಟರಲ್ಲಿ 117 ವರ್ಷ ಕಳೆದಿತ್ತು.

ನಡುವೆ 2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತ ಹೊಡೆಯಿತು. ಅಲ್ಲಿನವರು ಅದನ್ನು ಯೋಲಾಂಡಾ ಎನ್ನುತ್ತಾರೆ. ಅದು ಮೊದಲು ನೆಲ ಮುಟ್ಟಿದ್ದು ಇದೇ ಪ್ರಾಂತ್ಯದ ಗಿವಾನ್‌ನಲ್ಲಿ. ಪೆಸಿಫಿಕ್‌ನಿಂದ ಬರುವ ಗಾಳಿಗೆ ಮೊದಲು ಎದೆಯೊಡ್ಡುವುದು ಈ ದ್ವೀಪವೇ. ಬಲಾಂಗಿಗಾದಲ್ಲೂ ಮನೆಗಳು, ತೆಂಗಿನ ತೋಟಗಳು ನೆಲಕಚ್ಚಿದವು. ಮನೆ ಒಂದು ವರ್ಷದಲ್ಲಿ ಎದ್ದೀತು, ಹೊಸ ತೆಂಗಿನ ಸಸಿ ಫಲ ಕೊಡಲು ಆರೇಳು ವರ್ಷ ಬೇಕು. ಗೆಳೆಯರ ಮನೆಯವರು ಗಂಟೆಗಿಂತ ಹೆಚ್ಚು ಮಾತಾಡಿದ್ದು ಈ ವಿಷಯವನ್ನೇ.

ಹೋಗುವ ಯೋಚನೆ ಇದ್ದರೆ ಮನಿಲಾದಿಂದ ಪಕ್ಕದ ಲೆಯ್ಟೆ ದ್ವೀಪದ ತಕ್ಲೋಬಾನ್‌ಗೆ ವಿಮಾನವಿದೆ. ಅಲ್ಲಿಂದ ವ್ಯಾನಿನಲ್ಲಿ 1973ರಲ್ಲಿ ಉದ್ಘಾಟನೆಯಾದ ಸಾನ್ ಹುವಾನಿಕೊ ಸೇತುವೆ ದಾಟಿ, ಬಾಸೆಯ್, ಮರಾಬುಟ್ ಮೇಲೆ ಕರಾವಳಿಯುದ್ದಕ್ಕೂ ಹೋಗಬೇಕು. ಮರಾಬುಟ್ ಹತ್ತಿರ ಸಮುದ್ರದಿಂದೆದ್ದ ಸುಣ್ಣಕಲ್ಲಿನ ಬಂಡೆಗಳು ಕಾಣುತ್ತವೆ, ಕಿಟಕಿ ಪಕ್ಕದ ಸೀಟು ಹಿಡಿಯಿರಿ. ನವೆಂಬರ್‌ನಿಂದ ಜನವರಿವರೆಗೆ ಮಳೆ ಜೋರು, ಆಗ ಬೇಡ. ಸೆಪ್ಟೆಂಬರ್ 28 ಆ ಪ್ರಾಂತ್ಯಕ್ಕೆ ರಜಾ ದಿನ, ಊರಲ್ಲಿ ಸ್ಮರಣೆಯ ಕಾರ್ಯಕ್ರಮ ಇರುತ್ತದೆ. ಆ ದಿನಕ್ಕೆ ಹೋಗುವುದಾದರೆ ಉಳಿಯುವ ಜಾಗವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.