ಆಪ್ ಮಾಡೋ ಮುಂಚೆ ಒಂದು ಕೊಯ್ಲು ಫೋನಲ್ಲೇ ನಡೆಸಿ ನೋಡಿ

ಪ್ರಶ್ನೆ: ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದೀನಿ, ಊರು ಶಿರಸಿ ಕಡೆ. ಅಡಿಕೆ ಕೊನೆ ಕೊಯ್ಯೋಕೆ ಜನ ಸಿಗಲ್ಲ ಅನ್ನೋದು ಮನೇಲಿ ಪ್ರತಿ ವರ್ಷದ ಗೋಳು, ಅದಕ್ಕೆ ಮರ ಹತ್ತಿ ಅಡಿಕೆ ಗೊನೆ ಇಳಿಸೋ ಕೊನೆಗಾರರನ್ನ ಬುಕ್ ಮಾಡೋ ಆಪ್ ಮಾಡೋಣ ಅಂತ ನಾನೂ ಒಬ್ಬ ಫ್ರೆಂಡೂ ಹೊರಟಿದೀವಿ. ಪರಿಚಯದ ತೋಟದವ್ರೆಲ್ಲ ಒಳ್ಳೇ ಐಡಿಯಾ, ಬೇಗ ಮಾಡಿ ಅಂತಾರೆ. 5 ಜನರ ಹತ್ರ ಟೆಸ್ಟ್ ಮಾಡಿಸಿದ್ರೆ ಸಾಕು ಅಂತಲೂ ಓದಿದೀನಿ. ಕೋಡಿಂಗ್ ಶುರು ಮಾಡ್ಬಹುದಾ?
– ಓದುಗರು, ಶಿರಸಿ

ಉತ್ತರ: ಈಗ್ಲೇ ಬೇಡ. ಊರಿನ ಹುಡುಗ ಏನೋ ಮಾಡ್ತಿದಾನೆ ಅಂದಾಗ ಯಾರಾದ್ರೂ ಒಳ್ಳೇದಾಗ್ಲಿ ಅಂತಾನೇ ಅನ್ನೋದು, ಅದನ್ನ ಬೇಡಿಕೆ ಅಂತ ಲೆಕ್ಕಕ್ಕೆ ಹಿಡೀಬೇಡಿ. ಆಪ್ ಬಂದ್ರೆ ಬಳಸ್ತೀರಾ ಅಂತ ಕೇಳೋದನ್ನೇ ಬಿಟ್ಟು, ಹೋದ ವರ್ಷ ಯಾರು ಬಂದ್ರು, ಅವ್ರನ್ನ ಹ್ಯಾಗೆ ಹುಡುಕಿದ್ರಿ, ಎಷ್ಟು ದಿನ ಕಾದ್ರಿ, ಮುಂಗಡ ಕೊಟ್ಟಿದ್ರಾ, ಅವ್ರು ಬರದೇ ಹೋದಾಗ ಏನ್ ಮಾಡಿದ್ರಿ ಅಂತ ನಡೆದದ್ದನ್ನೇ ಕೇಳಿ. ಕೊನೇ ಪ್ರಶ್ನೆಗೆ ತುಂಬ ಜನ ಕಾರ್ಬನ್ ಫೈಬರ್ ದೋಟಿ (ಗೊನೆ ಕೊಯ್ಯೋ ಉದ್ದ ಕೋಲು) ತಗೊಂಡು ನೆಲದ ಮೇಲೆ ನಿಂತೇ ಕೊಯ್ಸಿದ್ವಿ ಅಂದ್ರೆ ನಿಮ್ಮ ಪೈಪೋಟಿ ಇರೋದು ಆ ದೋಟಿ ಜೊತೆ, ಬೇರೆ ಯಾವ ಆಪ್ ಜೊತೆಗೂ ಅಲ್ಲ.

5 ಜನರ ಲೆಕ್ಕ ವೆಬ್‌ಸೈಟ್ ಬಳಕೆ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದ ಲೇಖನದಿಂದ ಜನಪ್ರಿಯ ಆದದ್ದು, ಆದ್ರೆ ಅದು ಇರೋ ಸ್ಕ್ರೀನ್ ಬಳಸುವಾಗ ಜನ ಎಲ್ಲಿ ಎಡವ್ತಾರೆ ಅಂತ ಹುಡುಕೋಕೆ. ಈ ಆಪ್ ಯಾರಿಗಾದ್ರೂ ಬೇಕಾ ಅನ್ನೋದಕ್ಕೆ ಅದು ಉತ್ತರ ಕೊಡಲ್ಲ.

ಮತ್ತೆ ನೀವು ಕೊನೆಗಾರರನ್ನ ಕೇಳಿದ ಹಾಗೇ ಕಾಣ್ಸಲ್ಲ, ನನಗೆ ಹೆಚ್ಚು ಚಿಂತೆ ಅದೇ. ಕೊಯ್ಲಿನ ಹೊತ್ತಲ್ಲಿ ಅವ್ರ ಫೋನು ಈಗ್ಲೇ ಬಿಡುವಿಲ್ದೆ ಬಡ್ಕೊಳ್ತಾ ಇರುತ್ತೆ, ಖಾಯಂ ತೋಟಗಳಿರ್ತವೆ, ಇನ್ನೊಂದು ಆಪ್‌ನಿಂದ ಅವ್ರಿಗೇನು ಸಿಗುತ್ತೆ? ಮರ ಹತ್ತೋರೇ ಕಮ್ಮಿ ಆಗಿರೋ ಕಡೆ ಬುಕಿಂಗ್ ಬಟನ್ ಇಟ್ಟ ಮಾತ್ರಕ್ಕೆ ಹೊಸ ಕೊನೆಗಾರ ಹುಟ್ಟಲ್ವಲ್ಲ. ಅವ್ರ ಜೊತೆ ತೋಟಕ್ಕೇ ಹೋಗಿ, ದಿನ ಪೂರ್ತಿ ಇದ್ದು ನೋಡಿ, ಯಾವ ತಿಂಗಳು ಕೆಲಸ ಇರಲ್ಲ, ಬಿದ್ದು ಪೆಟ್ಟಾದ್ರೆ ಯಾರು ನೋಡ್ಕೊಳ್ತಾರೆ, ದುಡ್ಡು ಎಲ್ಲಿ ಬಾಕಿ ಉಳಿಯುತ್ತೆ ಅಂತ ಕೇಳಿ.

ಆಮೇಲೆ ಕೋಡ್ ಇಲ್ದೇ ನಡೆಸಿ. ಅಮೆರಿಕದಲ್ಲಿ 1999ರಲ್ಲಿ ನಿಕ್ ಸ್ವಿನ್‌ಮರ್ನ್ ಅನ್ನೋರು ಶೂಗಳನ್ನ ಆನ್‌ಲೈನಲ್ಲಿ ಜನ ಕೊಳ್ತಾರಾ ನೋಡೋಣ ಅಂತ ಗೋಡೌನ್ ಮಾಡ್ಲಿಲ್ಲ, ಸ್ಟಾಕೂ ತರ್ಲಿಲ್ಲ, ಹತ್ತಿರದ ಅಂಗಡಿಗಳಲ್ಲಿ ಶೂ ಫೋಟೋ ತೆಗ್ದು ಸೈಟಿಗೆ ಹಾಕಿದ್ರು, ಆರ್ಡರ್ ಬಂದಾಗ ಅದೇ ಅಂಗಡೀಲಿ ಕೊಂಡು ಕಳ್ಸಿದ್ರು. ಒಂದೊಂದು ಆರ್ಡರಿಗೂ ನಷ್ಟ ಆದ್ರೂ, ಹಾಕಿ ನೋಡ್ದೇನೇ ಜನ ಶೂಗೆ ದುಡ್ಡು ಕೊಡ್ತಾರೆ ಅನ್ನೋದು ಗಟ್ಟಿಯಾಯ್ತು. ಅದೇ ಮುಂದೆ ಜಾಪೋಸ್ ಅನ್ನೋ ಆನ್‌ಲೈನ್ ಶೂ ಕಂಪನಿ ಆಯ್ತು, 2009ರಲ್ಲಿ ಅಮೆಜಾನ್ ಕೊಂಡ್ಕೊಳ್ತು.

ನಿಮಗೆ ಒಂದು ವಾಟ್ಸಾಪ್ ನಂಬರ್, ಒಂದು ನೋಟ್‌ಬುಕ್ ಸಾಕು. ಈ ಸಲದ ಕೊಯ್ಲಿಗೆ ಎರಡು ಮೂರು ಊರಿಗೆ ಮಾತ್ರ ಜನರನ್ನ ನೀವೇ ಫೋನ್ ಮಾಡಿ ಹೊಂದ್ಸಿ, ತೋಟದವ್ರ ಹತ್ರ ಸಣ್ಣ ಮುಂಗಡ ಕೇಳಿ, ಸೂಪರ್ ಅಂದೋರಲ್ಲಿ ಎಷ್ಟು ಜನ ದುಡ್ಡು ತೆಗೀತಾರೆ ಅಂತ ಅಲ್ಲೇ ಗೊತ್ತಾಗುತ್ತೆ. ನಡುವೆ ಯಾರಾದ್ರೂ ಕೊನೆಗಾರ ಬೇಡ, ದೋಟಿ ಬಾಡಿಗೆಗೆ ಸಿಗುತ್ತಾ ಅಂತ ಕೇಳಿದ್ರೆ ಆ ಕರೆಗಳನ್ನೂ ತಪ್ಪದೇ ಬರ್ದಿಡಿ, ನೀವು ಮಾಡ್ಬೇಕಾದ ಪ್ರಾಡಕ್ಟ್ ಅದೇ ಇರ್ಬಹುದು.