ಮಾತ್ರೆಗೊಂದು ಮಾತ್ರೆ

ಓದುಗರ ಪ್ರಶ್ನೆ, ಫಾರ್ಮಾಸಿಸ್ಟರ ಉತ್ತರ

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಮೊದಲು ಬೀಡಿ ಕಟ್ಟುತ್ತಿದ್ದರು, ಈಗ ಆಗುವುದಿಲ್ಲ. ಬಿಪಿ, ಶುಗರ್, ಮಂಡಿನೋವು ಇದೆ. ಊರಿನ ಡಾಕ್ಟರು, ಉಡುಪಿಯ ಎಲುಬಿನ ಡಾಕ್ಟರು, ಮಣಿಪಾಲದ ಫಿಸಿಶಿಯನ್, ಮೂವರ ಚೀಟಿಯೂ ನಡೆಯುತ್ತಿದೆ. ದಿನಕ್ಕೆ 13 ಮಾತ್ರೆ, ರಾತ್ರಿ ಮಲಬದ್ಧತೆಗೆ ಒಂದು ಸಿರಪ್. ಕಳೆದ ತಿಂಗಳ ಬಿಲ್ 4,860 ರೂಪಾಯಿ. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ತಮ್ಮ ಕಳಿಸುವ ಹಣದಲ್ಲಿ ಅರ್ಧ ಮೆಡಿಕಲಿಗೇ ಹೋಗುತ್ತದೆ. ಎಲ್ಲವನ್ನೂ ಜನೌಷಧಿಯಿಂದ ತರಬಹುದೇ? ಅಗ್ಗದ ಮದ್ದು ಕೆಲಸ ಮಾಡುತ್ತದೆಯೇ? ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ.
– ಹೆಸರು ಬೇಡ, ಕಾಪು

ಉತ್ತರ: ತಂಗೀ, ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನೀವು ಬರೆದು ಕಳಿಸಿದ ಪಟ್ಟಿಯನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡು ಓದಿದೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾರು ಬರೆದದ್ದು, ಯಾವಾಗಿನಿಂದ, ಬೆಲೆ ಎಷ್ಟು, ಎಲ್ಲವೂ ಅದರಲ್ಲಿದೆ. 38 ವರ್ಷ ಮೆಡಿಕಲಿನ ಕೌಂಟರಿನಲ್ಲಿ ನಿಂತವನು ನಾನು; ಇಷ್ಟು ಚೊಕ್ಕವಾದ ಪಟ್ಟಿಯನ್ನು ಹಿಡಿದು ಬಂದವರನ್ನು ಬೆರಳೆಣಿಕೆಯಷ್ಟೂ ಕಂಡಿಲ್ಲ. ನಾನು ವೈದ್ಯನಲ್ಲ. ಆದರೆ ನೀವು ಬರೆದ ತಾರೀಕುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಒಂದು ಕತೆ ಕಾಣುತ್ತದೆ. ಅದನ್ನು ಹೇಳಿದ ಮೇಲೆ ಬೆಲೆಯ ಮಾತಿಗೆ ಬರುತ್ತೇನೆ.

ಎರಡು ವರ್ಷದ ಹಿಂದೆ ಊರಿನ ಡಾಕ್ಟರು ಬಿಪಿಗೆ ಅಮ್ಲೋಡಿಪಿನ್ 10 ಮಿಲಿಗ್ರಾಂ ಕೊಟ್ಟರು. ಒಳ್ಳೆಯ ಮಾತ್ರೆ, ಅಗ್ಗದ ಮಾತ್ರೆ. ಆದರೆ ಕೆಲವರಿಗೆ ಅದರಿಂದ ಪಾದದ ಗಂಟಿನ ಸುತ್ತ ನೀರು ತುಂಬಿ ಊದಿಕೊಳ್ಳುತ್ತದೆ, ಡೋಸ್ ಹೆಚ್ಚಿದಷ್ಟೂ ಹೆಚ್ಚು. ನಿಮ್ಮ ಪಟ್ಟಿಯಲ್ಲಿ ಎರಡು ತಿಂಗಳ ನಂತರ 'ಕಾಲು ಊತ' ಎಂದಿದೆ. ಮಣಿಪಾಲದಲ್ಲಿ ಅದಕ್ಕೆ ಫ್ಯೂರೋಸೆಮೈಡ್, ಅಂದರೆ ಮೂತ್ರ ಹೋಗಿಸುವ ಮಾತ್ರೆ ಬಂತು. ಅದು ನೀರಿನ ಜೊತೆಗೆ ಪೊಟ್ಯಾಸಿಯಂ ಅನ್ನೂ ಹೊರಗೆ ಹಾಕುತ್ತದೆ. ಮುಂದಿನ ಸಾಲು 'ಮೀನಖಂಡ ಹಿಡಿದುಕೊಳ್ಳುತ್ತದೆ'. ಅದಕ್ಕೆ ಕ್ಯಾಲ್ಸಿಯಂ. ಕ್ಯಾಲ್ಸಿಯಂನಿಂದ ಹಲವರಿಗೆ ಹೊಟ್ಟೆ ಕಟ್ಟುತ್ತದೆ, ಬಂತು ಸಿರಪ್. ಮೂತ್ರದ ಮಾತ್ರೆಯನ್ನು ಸಂಜೆ ಕೊಡುತ್ತಿದ್ದೀರಿ. ರಾತ್ರಿ ಮೂರು ಸಲ ಏಳುವ ಅಮ್ಮನಿಗೆ ನಿದ್ರೆ ಹೇಗೆ ಬಂದೀತು? ಕೊನೆಯ ಸಾಲು ಆಲ್ಪ್ರಜೋಲಾಮ್, ನಿದ್ರೆಗೆ.

ಈ ಐದಕ್ಕೂ ಬೇರು ಒಂದೇ ಇರಬಹುದು ಎಂಬುದು ನನ್ನ ಸಂಶಯ. ಯಾರೂ ತಪ್ಪು ಮಾಡಿದ್ದಾರೆ ಎಂದು ಹೇಳುತ್ತಿಲ್ಲ. ಮೂವರು ಡಾಕ್ಟರುಗಳೂ ತಮ್ಮ ಮುಂದೆ ಅಮ್ಮ ಹೇಳಿದ ತೊಂದರೆಗೆ ಮದ್ದು ಕೊಟ್ಟರು. ಉಳಿದ ಇಬ್ಬರು ಏನು ಬರೆದಿದ್ದಾರೆಂದು ಮೂವರಲ್ಲಿ ಒಬ್ಬರೂ ನೋಡಿದಂತಿಲ್ಲ. ನಮ್ಮಲ್ಲಿ ಮದ್ದು ಶುರು ಮಾಡುವವರು ಎಷ್ಟೂ ಇದ್ದಾರೆ, ನಿಲ್ಲಿಸುವವರು ಸಿಗುವುದಿಲ್ಲ.

ಇನ್ನೂ ಎರಡು ವಿಷಯ. ಬೆಳಗಿನ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್. ಎಲುಬಿನ ಡಾಕ್ಟರು ಕೊಟ್ಟ ಗ್ಯಾಸ್ ಮಾತ್ರೆಯಲ್ಲಿಯೂ ಅದೇ ಪ್ಯಾಂಟೊಪ್ರಜೋಲ್ ಇದೆ, ಜೊತೆಗೆ ವಾಂತಿ ತಡೆಯುವ ಡಾಂಪೆರಿಡೋನ್. ಬ್ರ್ಯಾಂಡ್ ಬೇರೆ, ಬಣ್ಣ ಬೇರೆ, ಒಳಗಿನ ಮದ್ದು ಒಂದೇ. ಪ್ಯಾಂಟೊಪ್ರಜೋಲನ್ನು ವರ್ಷಗಟ್ಟಲೆ ತೆಗೆದುಕೊಂಡರೆ ವಿಟಮಿನ್ ಬಿ12 ಕಡಿಮೆಯಾಗುವುದುಂಟು; ಶುಗರಿಗೆ ಅವರು ನುಂಗುವ ಮೆಟ್‌ಫಾರ್ಮಿನ್ ಕೂಡ ಬಿ12 ತಗ್ಗಿಸುತ್ತದೆ. 'ಕಾಲು ಜುಮುಜುಮು' ಎಂದು ಬದಿಯಲ್ಲಿ ಬರೆದಿದ್ದೀರಲ್ಲ, ಶುಗರಿನದ್ದೇ ಎಂದು ಬಿಟ್ಟುಬಿಡದೆ ಬಿ12 ಒಮ್ಮೆ ನೋಡಿಸಿ.

ಎರಡನೆಯದು ಗಂಭೀರ. ಮಂಡಿನೋವಿಗೆ ಕೊಟ್ಟ ಅಸೆಕ್ಲೋಫೆನಾಕ್ ಹತ್ತು ದಿನಕ್ಕೆ ಎಂದು ಚೀಟಿಯಲ್ಲಿತ್ತು. ಖಾಲಿ ಸ್ಟ್ರಿಪ್ ತೋರಿಸಿ ತರುತ್ತಾ ಎಂಟು ತಿಂಗಳಾಗಿದೆ. ಬಿಪಿಯ ಟೆಲ್ಮಿಸಾರ್ಟನ್, ಮೂತ್ರದ ಮಾತ್ರೆ, ನೋವಿನ ಮಾತ್ರೆ, ಈ ಮೂರು ಒಟ್ಟಿಗೆ ನಡೆದರೆ ಕಿಡ್ನಿಗೆ ಪೆಟ್ಟು ಬೀಳುವ ಅಪಾಯವಿದೆ, ಅದರಲ್ಲೂ ಶುಗರ್ ಇರುವ ವಯಸ್ಸಾದವರಿಗೆ. ಈ ವಾರವೇ ರಕ್ತದ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವುದು), ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬಹುದೇ ಎಂದು ಊರಿನ ಡಾಕ್ಟರಲ್ಲಿ ಕೇಳಿ.

ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಬಿಪಿ ಮಾತ್ರೆಯನ್ನಂತೂ ಬಿಡಲೇಬೇಡಿ. ಎಲ್ಲ ಸ್ಟ್ರಿಪ್‌ಗಳನ್ನು ಒಂದೇ ಚೀಲದಲ್ಲಿ ಹಾಕಿ, ಈ ಕ್ಯಾಲೆಂಡರಿನ ಹಾಳೆಯನ್ನೂ ಇಟ್ಟು, ಅಮ್ಮನನ್ನು ಮೊದಲಿನಿಂದ ಬಲ್ಲ ಒಬ್ಬ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. 'ಇದರಲ್ಲಿ ಯಾವುದನ್ನು ಬಿಡಬಹುದು?' ಎಂಬ ಒಂದೇ ಪ್ರಶ್ನೆ ಕೇಳಿ. ಸಂಜೆ ಐದರ ರಶ್ಶಿನಲ್ಲಿ ಬೇಡ. ಬೆಳಿಗ್ಗೆ ಬೇಗ ಹೋಗಿ.

ಇನ್ನು ಬೆಲೆ. ನಿಮ್ಮ 4,860ರಲ್ಲಿ 1,800ಕ್ಕೂ ಹೆಚ್ಚು ಎಂಪಾಗ್ಲಿಫ್ಲೋಜಿನ್ ಎಂಬ ಶುಗರಿನ ಒಂದೇ ಮಾತ್ರೆಯದ್ದು. ಮೂಲ ಕಂಪೆನಿಯ ಬ್ರ್ಯಾಂಡ್, ಮಾತ್ರೆಗೆ 60 ರೂಪಾಯಿ. ಅದರ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿಯಿತು. ಮುಗಿದದ್ದೇ ತಡ, ಹಲವು ಭಾರತೀಯ ಕಂಪೆನಿಗಳು ಅದೇ ಮದ್ದನ್ನು ಪೇಟೆಗೆ ತಂದವು. ಮಾತ್ರೆಗೆ ಹತ್ತು ರೂಪಾಯಿಗೂ ಕಡಿಮೆಗೆ ಸಿಗುವ ಬ್ರ್ಯಾಂಡ್‌ಗಳಿವೆ. ಚೀಟಿ ಮಾತ್ರ ಹಳೆಯದೇ ಉಳಿದಿದೆ. ಇದೊಂದನ್ನು ಬದಲಿಸಿ ಬರೆಸಿಕೊಂಡರೆ ತಿಂಗಳಿಗೆ ಒಂದೂವರೆ ಸಾವಿರ ರೂಪಾಯಿ ಉಳಿಯುತ್ತದೆ. ನಿಮ್ಮ ತಮ್ಮ ಅಷ್ಟು ದುಡ್ಡಿಗೆ ಎಷ್ಟು ಹೊತ್ತು ಒಲೆಯ ಮುಂದೆ ನಿಲ್ಲಬೇಕೋ!

ಬದಲಿಸುವ ಅಧಿಕಾರ ಅಂಗಡಿಯವನಿಗಿಲ್ಲ. ಚೀಟಿಯಲ್ಲಿ ಬರೆದ ಬ್ರ್ಯಾಂಡಿನ ಬದಲು ಬೇರೆಯದನ್ನು ತಾನಾಗಿ ಕೊಡುವುದು ನಿಯಮಕ್ಕೆ ವಿರುದ್ಧ. ವೈದ್ಯರು ಜೆನೆರಿಕ್ ಹೆಸರನ್ನೇ, ಅಂದರೆ ಒಳಗಿನ ಮದ್ದಿನ ಹೆಸರನ್ನೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದು, ವಿರೋಧ ಬಂದ ಮೇಲೆ ಅದೇ ತಿಂಗಳು ತಡೆಹಿಡಿಯಿತು. ನನಗೆ ಅದು ಬಹಳ ಬೇಸರ ತಂದ ಸುದ್ದಿ. ಹಾಗಾಗಿ ಬಾಯಿಬಿಟ್ಟು ಕೇಳುವ ಕೆಲಸ ನಿಮ್ಮದೇ: 'ಡಾಕ್ಟರೇ, ಮದ್ದಿನ ಹೆಸರನ್ನೇ ಬರೆದುಕೊಡಿ, ಕಂಪೆನಿಯದ್ದು ಬೇಡ.' ಸಂಕೋಚ ಬೇಡ. ಹೀಗೆ ಕೇಳಿದ್ದಕ್ಕೆ ಬಯ್ದ ಡಾಕ್ಟರುಗಳು ನಮ್ಮ ಕಡೆ ಕಡಿಮೆ.

ಅಗ್ಗದ ಜೆನೆರಿಕ್ ಮದ್ದು ಮಾರುವ ಕೇಂದ್ರ ಸರಕಾರದ ಜನೌಷಧಿ ಯೋಜನೆ 2008ರಲ್ಲಿ ಶುರುವಾದದ್ದು. ಅಲ್ಲಿಗೆ ಬರುವ ಪ್ರತಿ ಬ್ಯಾಚನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಬಿಡುವುದು ಕ್ರಮ. ಅಮ್ಮನ ಪಟ್ಟಿಯಲ್ಲಿರುವ ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್, ಕೊಲೆಸ್ಟ್ರಾಲಿನ ಅಟೋರ್ವಾಸ್ಟಾಟಿನ್‌ಗಳನ್ನು ಅಲ್ಲಿಂದ ಧೈರ್ಯವಾಗಿ ತನ್ನಿ. ಮಿಲಿಗ್ರಾಂ ಅದೇ ಇದೆಯೇ, ಮೆಟ್‌ಫಾರ್ಮಿನ್ ಆದರೆ ಹೆಸರಿನ ಮುಂದೆ ಚೀಟಿಯಲ್ಲಿದ್ದಂತೆಯೇ ಎಸ್‌ಆರ್ (ನಿಧಾನವಾಗಿ ಮದ್ದು ಬಿಡುವ ಮಾತ್ರೆ) ಇದೆಯೇ ಎಂದು ನೋಡಿ. ಕೆಲವೊಮ್ಮೆ 'ಸ್ಟಾಕ್ ಬಂದಿಲ್ಲ' ಎನ್ನುತ್ತಾರೆ, ಅದು ಅಲ್ಲಿನ ದೊಡ್ಡ ಕೊರತೆ. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಹೋಗಿ. ಮೂರ್ಛೆರೋಗ, ಥೈರಾಯ್ಡ್, ರಕ್ತ ತೆಳುವಾಗಿಸುವ ವಾರ್ಫರಿನ್, ಈ ಮಾತ್ರೆಗಳ ಕಂಪೆನಿಯನ್ನು ಮಾತ್ರ ಯಾರೂ ಡಾಕ್ಟರಿಗೆ ಹೇಳದೆ ಬದಲಿಸಬಾರದು. ಅಂದಹಾಗೆ, ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ (ಅಂಟುರೋಗವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಬಿಪಿ, ಶುಗರಿನ ಸಾಮಾನ್ಯ ಮಾತ್ರೆಗಳು ಉಚಿತ. ಆಸ್ಪತ್ರೆ ಇರುವ ಉಡುಪಿಯ ಅಜ್ಜರಕಾಡಿಗೆ ಬಸ್ಸಿನಲ್ಲಿ ಬಂದು ಹೋಗುವ ಖರ್ಚಷ್ಟೇ.

ಪ್ರಶ್ನೆ: ನಿವೃತ್ತರಾದ ಮೇಲೆ ನನ್ನ ಯಜಮಾನರು ಆರು ವರ್ಷದಿಂದ ನಿದ್ರೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಇಷ್ಟು ದಿನ ಕೊಡುತ್ತಿದ್ದ ಮೆಡಿಕಲಿನಲ್ಲಿ ಈಗ ಹೊಸ ಚೀಟಿ ಇಲ್ಲದೆ ಕೊಡುವುದಿಲ್ಲ ಎನ್ನುತ್ತಾರೆ. ಇದು ಸರಿಯೇ?
– ಓದುಗರು, ಪಡುಬಿದ್ರಿ

ಉತ್ತರ: ಸರಿ ಅಮ್ಮಾ, ಅಂಗಡಿಯವರು ಮೊದಲೇ ಹಾಗೆ ಹೇಳಬೇಕಿತ್ತು. ಆಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಇವೆಲ್ಲ ಎಚ್1 ಪಟ್ಟಿಯಲ್ಲಿವೆ, ಅಂದರೆ ಚೀಟಿ ಇಲ್ಲದೆ ಮಾರಬಾರದ ಮದ್ದುಗಳ ಪಟ್ಟಿಯಲ್ಲಿ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಆ ನಿಯಮದಂತೆ, ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಮಾತ್ರೆಗಳ ಲೆಕ್ಕ, ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು.

ನಾನು ಇದನ್ನು ಬರೆಯುವಾಗ ಒಬ್ಬ ಮೇಷ್ಟ್ರ ಮುಖ ಕಣ್ಣೆದುರು ಬರುತ್ತದೆ. ಹೆಂಡತಿ ತೀರಿಕೊಂಡ ವರ್ಷ ಅವರಿಗೆ ಡಾಕ್ಟರು ಹದಿನೈದು ದಿನಕ್ಕೆಂದು ನಿದ್ರೆ ಮಾತ್ರೆ ಬರೆದಿದ್ದರು. ಆ ಚೀಟಿ ಮಡಿಕೆಗಳಲ್ಲಿ ಹರಿದು, ಸೆಲೋ ಟೇಪ್ ಹಚ್ಚಿಸಿಕೊಂಡು, ಶಾಯಿ ಮಾಸಿ, ನನ್ನ ಕೌಂಟರಿಗೆ ನಾಲ್ಕು ವರ್ಷ ಬಂತು. ನಾನು ನಾಲ್ಕು ವರ್ಷವೂ ಕೊಟ್ಟೆ. ಪರಿಚಯದವರು, ಮರ್ಯಾದೆಯ ಮನುಷ್ಯ, ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಒಂದು ಮಳೆಗಾಲದ ರಾತ್ರಿ ಬಚ್ಚಲಿಗೆ ಹೋಗುವಾಗ ತೂಕಡಿಸಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮತ್ತೆ ನಡೆಯಲಿಲ್ಲ. ಅವರು ಬಿದ್ದದ್ದು ಮಾತ್ರೆಯಿಂದಲೇ ಎಂದು ಯಾರೂ ಸಾಬೀತು ಮಾಡಲಾರರು. ಆದರೆ ಈ ಮಾತ್ರೆಗಳಿಂದ ವಯಸ್ಸಾದವರು ಬೀಳುವುದು ಹೆಚ್ಚು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ಅಂದಿನಿಂದ ಈ ವಿಷಯದಲ್ಲಿ ಮುಲಾಜು ಬಿಟ್ಟಿದ್ದೇನೆ.

ಆದರೂ ಇಂದು ರಾತ್ರಿಯಿಂದಲೇ ನಿಲ್ಲಿಸಿಬಿಡಿ ಎನ್ನುವುದಿಲ್ಲ. ಆರು ವರ್ಷದ ಅಭ್ಯಾಸವನ್ನು ಒಮ್ಮೆಗೇ ಕಡಿದರೆ ನಡುಕ, ಚಡಪಡಿಕೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಡಾಕ್ಟರು ಡೋಸನ್ನು ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಚೀಟಿ ಕೇಳಿದ ಆ ಅಂಗಡಿಯವರ ಮೇಲೆ ಕೋಪ ಬೇಡ. ನಾನು ಮಾಡದ ಕೆಲಸವನ್ನು ಅವರು ಮಾಡಿದ್ದಾರೆ.

ಪ್ರಶ್ನೆ: ಆಯುಷ್ಮಾನ್ ಕಾರ್ಡನ್ನು ಮೆಡಿಕಲಿನಲ್ಲಿ ತೋರಿಸಿದರೆ ನಡೆಯುವುದಿಲ್ಲ ಎಂದರು. ಹಾಗಾದರೆ ಕಾರ್ಡ್ ಯಾಕೆ?
– ಓದುಗರು, ಕುಂದಾಪುರ

ಉತ್ತರ: ಅದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ರೆಫರಲ್ ಪತ್ರ ಪಡೆದೇ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಆ ಪತ್ರವಿಲ್ಲದೆ ನೇರವಾಗಿ ಹೋಗಿ ಕೈಯಿಂದ ಕಟ್ಟಿ ಬಂದವರು ನನ್ನ ನೆರೆಯಲ್ಲೇ ಇದ್ದಾರೆ. ಇನ್ನು ನಮ್ಮ ಕರಾವಳಿಯ ಮನೆಮನೆಯಲ್ಲಿರುವ ಖಾಸಗಿ ಆಸ್ಪತ್ರೆಗಳ ಹೆಲ್ತ್ ಕಾರ್ಡ್ ವಿಮೆಯಲ್ಲ, ರಿಯಾಯಿತಿ ಚೀಟಿ. ಎರಡನ್ನೂ ಬೆರೆಸಿಕೊಳ್ಳಬೇಡಿ.

ನಿಮ್ಮ ಪ್ರಶ್ನೆಯ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. ಆಪರೇಷನ್ ಜೀವನದಲ್ಲಿ ಒಮ್ಮೆ ಬರುತ್ತದೆ, ಬಿಪಿ ಮಾತ್ರೆ ಪ್ರತಿ ತಿಂಗಳು ಒಂದನೇ ತಾರೀಕಿಗೆ ಬರುತ್ತದೆ. ಸುಧಾರಣೆ ಎಂದು ಸರಕಾರಗಳು ಏನೇ ತಂದರೂ ಈ ಒಂದನೇ ತಾರೀಕಿನ ಖರ್ಚನ್ನು ಕೈಗೆತ್ತಿಕೊಳ್ಳದಿದ್ದರೆ ನಮ್ಮಂಥವರ ಮನೆ ಉಸಿರಾಡುವುದಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತವಾಗಿಯೇ ಸಿಗಬೇಕು, ಆದ್ದರಿಂದ ಆವರಣದಲ್ಲಿ ಜನೌಷಧಿ ಬೇಡ ಎಂದು 2025ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಆದೇಶಿಸಿತು. ವಿಷಯ ಹೈಕೋರ್ಟಿಗೆ ಹೋಯಿತು. ಉಚಿತ ಮದ್ದು ಕಪಾಟಿನಲ್ಲಿ ಸದಾ ಇದ್ದರೆ ನಾನೂ ಆ ಮಾತಿಗೆ ಹೌದು ಎನ್ನುತ್ತೇನೆ. ಅದು ಇಲ್ಲದ ದಿನ, ಪಕ್ಕದ ಅಗ್ಗದ ಅಂಗಡಿಯನ್ನೂ ಮುಚ್ಚಿದರೆ ಬಡವ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಮದ್ದಿನ ಜಿಎಸ್‌ಟಿ ಇಳಿದಿದೆಯಂತೆ. ನಮಗೆಷ್ಟು ಕಡಿಮೆಯಾಗಬೇಕು?
– ಓದುಗರು, ಮೂಲ್ಕಿ

ಉತ್ತರ: 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳಿಗೆ ಶೇ. 12 ಇದ್ದದ್ದು ಶೇ. 5 ಆಗಿದೆ. ತೆರಿಗೆ ಸೇರಿ 100 ರೂಪಾಯಿ ಇದ್ದ ಸ್ಟ್ರಿಪ್ 93 ರೂಪಾಯಿ 75 ಪೈಸೆಗೆ ಇಳಿಯಬೇಕು. ಹಳೆಯ ಬೆಲೆ ಮುದ್ರಿಸಿದ ಸ್ಟ್ರಿಪ್ ಕೊಟ್ಟರೂ ಹೊಸ ದರಪಟ್ಟಿಯಂತೆ ಬಿಲ್ ಹಾಕಬೇಕು. ಬಿಲ್ ಕೇಳಿ ಪಡೆಯಿರಿ.

ಪ್ರಶ್ನೆ: ಅಪ್ಪ ತೀರಿಹೋಗಿ ಎರಡು ತಿಂಗಳಾಯಿತು. ಅವರ ಮದ್ದು ಒಂದು ಚೀಲ ಉಳಿದಿದೆ, ಇನ್ಸುಲಿನ್ ಕೂಡ. ನಾಲ್ಕೈದು ಸಾವಿರದ ಮಾಲು. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ? ಅಮ್ಮನಿಗೂ ಬಿಪಿ ಇದೆ, ಅವರ ಮಾತ್ರೆಯೂ ಅದೇ ಕಪಾಟಿನಲ್ಲಿದೆ. ಇದನ್ನು ಅವರಿಗೆ ಕೊಡಬಹುದೇ?
– ಓದುಗರು, ಸುರತ್ಕಲ್

ಉತ್ತರ: ನಿಮ್ಮ ದುಃಖದಲ್ಲಿ ನಾನೂ ಭಾಗಿ. ತುಂಡು ಮಾಡದ ಸ್ಟ್ರಿಪ್, ಅವಧಿ ಇನ್ನೂ ಇರುವುದು, ಬಿಲ್ ಜೊತೆಗಿರುವುದು, ಇಷ್ಟಿದ್ದರೆ ಕೆಲವು ಅಂಗಡಿಯವರು ತೆಗೆದುಕೊಳ್ಳುತ್ತಾರೆ. ಕೇಳುವುದಕ್ಕೆ ನಾಚಿಕೆ ಬೇಡ. ಇನ್ಸುಲಿನ್ ಯಾರೂ ತೆಗೆದುಕೊಳ್ಳುವುದಿಲ್ಲ. ಅದು ನಿಮ್ಮ ಮನೆಯಲ್ಲಿ ತಂಪಿನಲ್ಲೇ ಇತ್ತೆಂದು ಅವರು ನಂಬುವುದು ಹೇಗೆ? ಉಳಿದದ್ದನ್ನು ಸ್ಟ್ರಿಪ್‌ನಿಂದ ಬಿಡಿಸಿ, ಕಾಫಿ ಚರಟದಲ್ಲೋ ಮಣ್ಣಿನಲ್ಲೋ ಕಲಸಿ, ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಕಸದ ಗಾಡಿಗೆ ಹಾಕಿ. ಬಾವಿ ಇರುವ ಮನೆಯ ಹಿತ್ತಿಲಲ್ಲಿ ಹೂಳಬೇಡಿ.

ಅಮ್ಮನಿಗೆ ಕೊಡಬೇಡಿ. ಅಪ್ಪನ ಬಿಪಿ ಮಾತ್ರೆ ಅಪ್ಪನ ಹೃದಯ, ಕಿಡ್ನಿ ನೋಡಿ ಬರೆದದ್ದು. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ಇಬ್ಬರ ಮಾತ್ರೆಯೂ ಒಂದೇ ಕಪಾಟಿನಲ್ಲಿದೆ ಎಂದಿರಿ. ಅಮ್ಮನ ಕಣ್ಣು ಮಂಜಾಗಿರಬಹುದು, ಮನಸ್ಸು ಇನ್ನೂ ಸ್ಥಿಮಿತಕ್ಕೆ ಬಂದಿರಲಿಕ್ಕಿಲ್ಲ. ಅಪ್ಪನ ಚೀಲವನ್ನು ಇಂದೇ ಆ ಕಪಾಟಿನಿಂದ ತೆಗೆಯಿರಿ.