ಸಂಘದ ರೊಕ್ಕ ಸೆಕ್ರೆಟರಿ ಫೋನ್‌ಪೇಗೆ ಬಂದ್ರ ಹೆಂಗ?

ಪ್ರಶ್ನೆ: ಸಿಂಧನೂರು ಕಡಿ ಹಳ್ಳಿಯೊಳಗ ನಮ್ಮದೊಂದು ಸಂಘ ಐತ್ರಿ, ರಿಜಿಸ್ಟರ್ ಮಾಡಿಸಿ ಐದಾರು ವರ್ಷ ಆತು, ಸಂಜಿಮುಂದ ಹುಡುಗ್ರಿಗೆ ಟ್ಯೂಷನ್ ನಡಸ್ತೀವಿ. ದೇಣಿಗಿ ಎಲ್ಲಾ ಸೆಕ್ರೆಟರಿ ಫೋನ್‌ಪೇಗೇ ಬರ್ತೈತಿ, ಮನುಷ್ಯ ಪ್ರಾಮಾಣಿಕ, ಡೈರಿಯೊಳಗ ಪೈಸಾ ಪೈಸಾ ಬರದಿಡ್ತಾರ. ಈಗ ತೋರಣಗಲ್ಲು ಕಡಿ ಒಂದು ಕಂಪನಿಯವರು ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕ ಕೊಡೋ ರೊಕ್ಕ) ಕೊಡ್ತೀವಿ, ಪೇಪರ್ ತರ್ರಿ ಅಂದಾರ. ಏನೇನ್ ಬೇಕು?
- ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ಸಿಎಸ್‌ಆರ್ ಆಮ್ಯಾಲ ನೋಡೋಣ, ಮೊದ್ಲು ಆ ಫೋನ್‌ಪೇ ನಿಲ್ಲಿಸ್ರಿ. ನಿಮ್ಮ ಸೆಕ್ರೆಟರಿ ಮ್ಯಾಲ ನನಗ ಅನುಮಾನ ಇಲ್ಲ, ಆದ್ರ ಅವರ ಖಾತೆಗೆ ಬಿದ್ದ ರೊಕ್ಕ ಬ್ಯಾಂಕಿನ ಲೆಕ್ಕದಾಗ ಅವರದೇ, ನಾಳೆ ಅವರಿಗೇನಾರ ಆದ್ರ ಅದು ನಾಮಿನಿ ಕೈಗೆ ಹೋಗ್ತೈತಿ, ತೆರಿಗಿಯವರು ಕೇಳಿದ್ರ ಉತ್ತರ ಹೇಳೋರೂ ಅವರೇ. ಒಳ್ಳೆ ಮನುಷ್ಯಾರನ್ನ ಇಂಥ ಇಕ್ಕಟ್ಟಿನ್ಯಾಗ ಕೂಡ್ಸೋದು ಅವರಿಗೆ ಮಾಡೋ ಅನ್ಯಾಯ. ಒಂದು ಮೀಟಿಂಗ್ ಕರೀರಿ, ಠರಾವು ಮಾಡ್ರಿ, ಸಂಘದ ಹೆಸರಿಲೆ ಇಬ್ಬರ ಸಹಿ ಇರೋ ಖಾತೆ ತಗೀರಿ, ಕ್ಯೂಆರ್ ಕೋಡ್ ಆ ಖಾತೆದೇ ಹಚ್ರಿ. ಹಳೇ ಡೈರಿ ಒಗೀಬ್ಯಾಡ್ರಿ, ಆಡಿಟರ್‌ಗೆ ಅದೇ ಆಧಾರ.

ಇನ್ನ ರಿಜಿಸ್ಟರ್ ಮಾಡಿಸಿದ್ದಷ್ಟಕ್ಕ ಮುಗೀಲಿಲ್ಲ ನೋಡ್ರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗ್ಬೇಕು, ಸಭೆ ಆಗಿ 14 ದಿನದೊಳಗ ಆಡಳಿತ ಮಂಡಳಿ ಪಟ್ಟಿ, ಆಡಿಟ್ ಆದ ಲೆಕ್ಕಪತ್ರ ಜಿಲ್ಲಾ ನೋಂದಣಾಧಿಕಾರಿಗೆ ಕೊಡ್ಬೇಕು. ಇದು 13ನೇ ಕಲಂ. ಭಾಳ ಸಂಘಗಳು ಎಡವೋದು ಇಲ್ಲೇ, ಕೆಲಸ ಚೊಲೋ ಮಾಡ್ತಿರ್ತಾರ, ಮೇಜಿನ ಮ್ಯಾಲ ಒಂದು ಕಾಗದ ಇರಂಗಿಲ್ಲ. ಬಾಕಿ ಇದ್ರ ದಂಡ ಕಟ್ಟಿ ಎಲ್ಲಾ ವರ್ಷದ್ದೂ ಕ್ಲಿಯರ್ ಮಾಡ್ಕೊಳ್ರಿ.

ಆಮ್ಯಾಲ ಆದಾಯ ತೆರಿಗೆ ಇಲಾಖೆಯಿಂದ ಸಂಘದ ಆದಾಯಕ್ಕ ತೆರಿಗಿ ವಿನಾಯ್ತಿ ಕೊಡೋ 12ಎ, ದೇಣಿಗಿ ಕೊಟ್ಟೋರಿಗೆ ವಿನಾಯ್ತಿ ಕೊಡೋ 80ಜಿ ನೋಂದಣಿ (2025ರ ಹೊಸ ಕಾಯ್ದೆಯೊಳಗ ಕಲಂ ನಂಬರ್ ಬ್ಯಾರೆ ಆಗ್ಯಾವ, ಆದ್ರ ಎಲ್ಲರ ಬಾಯಾಗ ಇರೋದು ಇವೇ ಹೆಸರು), ಅದರ ಮ್ಯಾಲ ಕಂಪನಿ ವ್ಯವಹಾರಗಳ ಸಚಿವಾಲಯಕ್ಕ ಸಿಎಸ್‌ಆರ್ ರೊಕ್ಕ ತಗೊಳ್ಳೋ ಸಂಸ್ಥೆ ತುಂಬಿ ಕೊಡೋ ಸಿಎಸ್‌ಆರ್-1 ಫಾರ್ಮ್. ಹೊರಗಿನ ಸಂಸ್ಥೆಗೆ ಸಿಎಸ್‌ಆರ್ ಕೊಡ್ಬೇಕಂದ್ರ ಅದಕ್ಕ 3 ವರ್ಷ ಕೆಲಸ ಮಾಡಿದ ಅನುಭವ ಇರ್ಬೇಕು ಅನ್ನೋ ನಿಯಮ ಐತಿ, ಅದನ್ನ ತೋರ್ಸೋದು ಆ ಮೂರು ವರ್ಷದ ಆಡಿಟ್ಟು, ನಡಾವಳಿ ಪುಸ್ತಕ. ಇನ್ನೊಂದು, 80ಜಿ ಸಿಕ್ಕ ಮ್ಯಾಲ 2000 ರೂಪಾಯಿಗಿಂತ ಹೆಚ್ಚು ಕ್ಯಾಶ್ ಕೊಟ್ಟೋರಿಗೆ ವಿನಾಯ್ತಿ ಸಿಗಂಗಿಲ್ಲ, ಮೊದಲೇ ಹೇಳಿಬಿಡ್ರಿ.

ಪ್ರಶ್ನೆ: ನಮ್ಮೂರ ಹುಡುಗ ಅಮೆರಿಕಾದಾಗ ಸಾಫ್ಟ್‌ವೇರ್ ಕೆಲಸದಾಗ ಅದಾನ, ಶಾಲೆಗೆ ಕಂಪ್ಯೂಟರ್ ಕೊಡಸಾಕ ಸಂಘಕ್ಕ ರೊಕ್ಕ ಕಳಸ್ತೀನಿ ಅಂತಾನ. ತಗೋಬಹುದಾ?
- ಕುಷ್ಟಗಿಯಿಂದ

ಉತ್ತರ: ಅವನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳ್ರಿ. ಭಾರತದ್ದಿದ್ರ, ಅವನದೇ ಉಳಿತಾಯದ ರೊಕ್ಕ ಬ್ಯಾಂಕ್ ಮೂಲಕ ಬಂದ್ರ ಅದು ವಿದೇಶಿ ದೇಣಿಗಿ ಅಲ್ಲ, ಆರಾಮಾಗಿ ತಗೋಳ್ರಿ, ಪಾಸ್‌ಪೋರ್ಟ್ ಕಾಪಿ ಫೈಲಿನ್ಯಾಗ ಇಡ್ರಿ. ಅಲ್ಲಿನ ಸಿಟಿಜನ್ ಆಗಿದ್ರ, ಓಸಿಐ ಕಾರ್ಡ್ (ಬ್ಯಾರೆ ದೇಶದ ಪೌರತ್ವ ಇರೋ ಭಾರತ ಮೂಲದವರಿಗೆ ಕೊಡೋ ಕಾರ್ಡ್) ಇದ್ರೂ, ಅವನು ಕೊಡೋದು ವಿದೇಶಿ ದೇಣಿಗಿನೇ. ಆಗ ಎಫ್‌ಸಿಆರ್‌ಎ (ವಿದೇಶಿ ದೇಣಿಗಿ ನಿಯಂತ್ರಣ ಕಾಯ್ದೆ) ನೋಂದಣಿನೋ ಮುಂಚಿತ ಅನುಮತಿನೋ ಬೇಕು, ರೊಕ್ಕ ಬರೋದು ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ಸಾವಿರ ರೂಪಾಯಿ ಆದ್ರೂ ಅಷ್ಟೇ. ಎಫ್‌ಸಿಆರ್‌ಎ ಇರೋ ದೊಡ್ಡ ಸಂಸ್ಥೆಗೆ ಹಾಕಿಸಿ ಅಲ್ಲಿಂದ ನಮ್ಮ ಕಡಿ ತಗೊಂಡ್ರಾತು ಅಂತ ಯಾರಾರ ಹೇಳಿದ್ರ ಕೇಳಬ್ಯಾಡ್ರಿ, 2020ರ ತಿದ್ದುಪಡಿ ಆ ದಾರಿ ಪೂರ್ತಿ ಮುಚ್ಚೈತಿ.

ಪ್ರಶ್ನೆ: ಅಧ್ಯಕ್ಷರ ಭಾವನ ಮನಿ ಆಫೀಸಿಗೆ ಬಾಡಿಗಿ ಹಿಡದೀವಿ. ತಪ್ಪಾ?
- ಗಂಗಾವತಿ

ಉತ್ತರ: ಬಾಡಿಗಿ ಹಿಡದಿದ್ದು ತಪ್ಪಲ್ಲ, ಊರಾಗಿನ ರೇಟಿಗಿಂತ ಜಾಸ್ತಿ ಕೊಟ್ರ ತಪ್ಪು, 12ಎ ವಿನಾಯ್ತಿಗೇ ಕುತ್ತು ಬರ್ತೈತಿ. ಅಕ್ಕಪಕ್ಕ ಅಂಥದೇ ಮನಿಗೆ ಬಾಡಿಗಿ ಎಷ್ಟೈತಿ ಅಂತ ವಿಚಾರಿಸಿ ಬರದಿಡ್ರಿ, ಕರಾರು ಪತ್ರ ಮಾಡ್ಕೊಳ್ರಿ. ಬಾಡಿಗಿ ವಿಷಯ ಬಂದಾಗ ಅಧ್ಯಕ್ಷರು ಸಭೆಯಿಂದ ಎದ್ದು ಹೊರಗ ಹೋಗಲಿ, ಉಳಿದವರು ತೀರ್ಮಾನ ಮಾಡ್ರಿ, ಅವರು ಹೊರಗ ಹೋಗಿದ್ದನ್ನೂ ನಡಾವಳಿಯೊಳಗ ಬರೀರಿ.